ಹತ್ತೊಂಬತ್ತಕ್ಕೆ ನಿಂತ ಮಗು

ಸೆಪ್ಟೆಂಬರ್ ೩

ಮಾವನವರಿಗೆ ನಮಸ್ಕಾರ.

ಭಾನುವಾರ ಫೋನಿನಲ್ಲಿ ಹೇಳಲು ಹೊರಟದ್ದನ್ನೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿಮಗೆ ಕಿವಿ ಕೇಳಿಸುವುದಿಲ್ಲ, ನನ್ನ ಮಗಳು ಸಾಸಿವೆಗೆ ಮಾತು ಹೊರಡುವುದಿಲ್ಲ. ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಇಡೀ ದಿನ ಚಟಪಟ ಎನ್ನುತ್ತಾಳೆಂದು ಅವಳಿಗೆ ಆ ಹೆಸರಿಟ್ಟವರು ನೀವೇ. ರಿಸೀವರ್ ಕೈಗೆ ಕೊಟ್ಟರೆ ಬರೀ ಉಸಿರಾಡುತ್ತಾಳೆ. ನೀವು ನಡುವೆ "ಆಂ? ಆಂ?" ಅನ್ನುತ್ತೀರಿ. ಹೀಗೆ ನಾಲ್ಕು ನಿಮಿಷ ಕಳೆದು, ಸಾಲಿನಲ್ಲಿ ಹಿಂದೆ ನಿಂತವಳಿಗೆ ಫೋನು ಬಿಟ್ಟುಕೊಟ್ಟು ಬರುತ್ತೇನೆ.

ವಿಷಯ ಇದು. ಈ ಬಾಟಲಿ ಕಾರ್ಖಾನೆಗೆ ನಾನು ಸೇರಿ ಹದಿನಾಲ್ಕು ತಿಂಗಳಾಯಿತು, ಕೆಲಸ ಖಾಯಂ ಆಗಿದೆ. ಮಕ್ಕಳಿರುವ ಹೆಂಗಸರಿಗೆ ಇಲ್ಲಿ ಎರಡು ಕೋಣೆಯ ಮನೆ ಕೊಡುತ್ತಾರೆ. ಆದರೆ ಮಗು ಕಾರ್ಖಾನೆಯ ಶಾಲೆಗೆ ಸೇರಿರಬೇಕು. ತಾಯಿ ಪಾಳಿಯಲ್ಲಿರುವಾಗ ಮಗು ಮನೆಯಲ್ಲಿ ಒಂಟಿಯಾಗಿ ಇರಕೂಡದಂತೆ. ಶಾಲೆಯಲ್ಲಿ ಜಾಗ ಕಡಿಮೆ, ಕೇಳುವವರು ಹೆಚ್ಚು. ಅದಕ್ಕೆ ಒಂದು ಪರೀಕ್ಷೆ ಇಟ್ಟಿದ್ದಾರೆ: ಐದು ತುಂಬಿದ ಮಗು ನಲವತ್ತು ಪದಗಳನ್ನು ನೋಡಿದ ಕೂಡಲೇ ಓದಬೇಕು. ಏಪ್ರಿಲ್ ಮೊದಲ ವಾರ. ಓದಿದರೆ ಶಾಲೆ, ಶಾಲೆ ಸಿಕ್ಕರೆ ಮನೆ, ಮನೆ ಸಿಕ್ಕರೆ ನನ್ನ ಮಗಳು ನನ್ನ ಹತ್ತಿರ.

ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವುದಲ್ಲ, ಮಾವ. ಪರಿಚಯದವರ ಮುಖ ಕಂಡ ಹಾಗೆ ಇಡೀ ಪದವನ್ನು ಒಂದೇ ನೋಟಕ್ಕೆ ಗುರುತು ಹಿಡಿಯಬೇಕು. ಶಾಲೆಯ ಟೀಚರಮ್ಮ ವಿಧಾನ ಹೇಳಿಕೊಟ್ಟಿದ್ದಾರೆ. ದಿನಕ್ಕೆ ಎರಡು ಸಲ ಕೂರಿಸಿ, ಹತ್ತು ನಿಮಿಷ ಮೀರಬೇಡಿ. ಚೀಟಿ ತೋರಿಸಿ, ಹೇಳಿ, ಹೇಳಿಸಿ. ತಪ್ಪಿದರೆ ಗದರದೆ ಸರಿಯಾದದ್ದನ್ನು ಹೇಳಿ ಮುಂದೆ ಹೋಗಿ. ಮಗುವಿಗೆ ಬೇಸರ ಬರುವ ಮೊದಲೇ ನಿಲ್ಲಿಸಿ, ಆಗ ನಾಳೆ ತಾನೇ ಓಡಿ ಬರುತ್ತಾಳೆ. ಮೊದಲ ಐದು ಚೀಟಿ ಇದರೊಳಗಿವೆ: ಅಮ್ಮ, ಮನೆ, ಬಾ, ಇಲ್ಲ, ಬೇಕು.

ನಿಮ್ಮ ಮಗ ತೀರಿಹೋದ ಮೇಲೆ "ನೀನು ಕೆಲಸಕ್ಕೆ ಹೋಗು, ಮಗು ನನಗಿರಲಿ" ಎಂದವರು ನೀವು. ಆಗಲೇ ಹೊತ್ತ ಹೊರೆಯ ಮೇಲೆ ಇನ್ನೊಂದು ಇಡುತ್ತಿದ್ದೇನೆ. ಬೇಸರಿಸಬೇಡಿ.

ನಿಮ್ಮ ಸೊಸೆ


ಸೆಪ್ಟೆಂಬರ್ ೨೮

ಮಗಳೇ,

ನಿನ್ನ ಲಕೋಟೆ ಬಂದಾಗ ನಾನು ಒಂದು ಕೈಗಡಿಯಾರದ ಹೊಟ್ಟೆ ಬಗೆದು ಕೂತಿದ್ದೆ. ಕೈ ಒರೆಸಿಕೊಳ್ಳದೆ ಹಾಗೇ ಬಿಚ್ಚಿದೆ. ಅದರಿಂದಾದ ಅವಾಂತರ ಕೇಳು.

ನಾಲ್ಕೇ ದಿನದಲ್ಲಿ ಐದೂ ಪದ ಬಂದುಬಿಟ್ಟವು. ಚೀಟಿ ಎತ್ತುವುದೇ ತಡ, "ಬಾ! ಬೇಕು! ಮನೆ!" ನಾನು ಬೀಗಿದ್ದೇ ಬೀಗಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅಜ್ಜಂದಿರನ್ನು ಗಾದೆ ಮಾಡಿದವರು ಮರೆತಿದ್ದಾರೆ. ಎದುರು ಅಂಗಡಿಯ ಟೈಲರಮ್ಮನನ್ನು ಕರೆದು ಮೊಮ್ಮಗಳ ಪ್ರತಾಪ ತೋರಿಸಿದೆ. ಅವಳು ಸುಮ್ಮನಿರುವ ಪೈಕಿಯೆ? ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನನ್ನ ಮೇಜಿನ ಮೇಲೆ 'ಬಾ' ಎಂದು ಬರೆದು, "ಇದೇನೇ ಹೇಳು" ಅಂದಳು. ಸಾಸಿವೆ ಮೇಜು ನೋಡಿದಳು, ನನ್ನ ಮುಖ ನೋಡಿದಳು. "ಇದ್ರಲ್ಲಿ ಎಣ್ಣೆ ಇಲ್ವಲ್ಲ ಅಜ್ಜ" ಅಂದಳು.

'ಬಾ' ಚೀಟಿಯ ಮೂಲೆಯಲ್ಲಿ ನನ್ನ ಹೆಬ್ಬೆಟ್ಟಿನ ಎಣ್ಣೆಕಲೆ. 'ಮನೆ'ಯ ಮೇಲೆ ಎರಡು ಬೆರಳು. 'ಬೇಕು' ಮಡಿಚಿಹೋಗಿದೆ, 'ಇಲ್ಲ' ಅಂಚಿನಲ್ಲಿ ಹರಿದಿದೆ. ಶುಭ್ರವಾಗಿ ಉಳಿದದ್ದು ಒಂದೇ ಚೀಟಿ, ಆದ್ದರಿಂದ ಅದು 'ಅಮ್ಮ'. ಮಗು ನಾಲ್ಕು ದಿನದಿಂದ ಓದಿದ್ದು ನಿನ್ನ ಬರಹವನ್ನಲ್ಲ, ನನ್ನ ಕೊಳಕು ಕೈಯನ್ನು! ಟೈಲರಮ್ಮ ನಗುತ್ತ ನಗುತ್ತ ಹೊಸ್ತಿಲ ಮೇಲೇ ಕೂತುಬಿಟ್ಟಳು.

ಆಮೇಲೆ ಸಾಬೂನು ಹಚ್ಚಿ ಕೈ ತೊಳೆದು ಹೊಸ ಚೀಟಿ ಬರೆದೆ. ಒಂದೊಂದು ಪದಕ್ಕೆ ಮೂರು ಮೂರು ಚೀಟಿ, ಬೇರೆ ಬೇರೆ ಗಾತ್ರ. ಎರಡು ವಾರ ಹಿಡಿಯಿತು. ಈಗ ಗೋಡೆಯ ಮೇಲೆ ಬರೆದರೂ ಓದುತ್ತಾಳೆ, ಹಬೆ ಕೂತ ಗಾಜಿನ ಮೇಲೆ ಬೆರಳಲ್ಲಿ ಗೀಚಿದರೂ ಓದುತ್ತಾಳೆ. ಮುಂದಿನ ಕಂತು ಕಳಿಸು. ಹೊರೆ ಗಿರೆ ಎಂದು ಬರೆಯಬೇಡ, ನನಗೆ ಸಿಟ್ಟು ಬರುತ್ತದೆ.

ಮಾವ


ಅಕ್ಟೋಬರ್ ೧೨

ಮಾವ,

ನಿಮ್ಮ ಕಾಗದವನ್ನು ಊಟದ ಕೋಣೆಯಲ್ಲಿ ಓದಿ ಒಬ್ಬಳೇ ನಕ್ಕೆ. ಪಕ್ಕದವಳು ತಲೆ ಕೆಟ್ಟಿತೇ ಎಂದು ಕೇಳಿದಳು.

ನನ್ನ ಕೆಲಸವೂ ಹೆಚ್ಚು ಕಡಿಮೆ ಇದೇ. ಬೆಳಕು ಹಾಕಿದ ಬಿಳಿ ಪರದೆಯ ಮುಂದೆ ಬಾಟಲಿಗಳು ಸಾಲಾಗಿ ಹೋಗುತ್ತಿರುತ್ತವೆ. ಗುಳ್ಳೆ, ಬಿರುಕು, ಸೊಟ್ಟ ಕತ್ತು, ಏನಿದ್ದರೂ ಕಂಡ ತಕ್ಷಣ ಎತ್ತಿ ಬದಿಗಿಡಬೇಕು. ಯೋಚಿಸುತ್ತ ಕೂತರೆ ಬಾಟಲಿ ದಾಟಿಹೋಗಿರುತ್ತದೆ. ನಲವತ್ತು ನಿಮಿಷಕ್ಕೊಮ್ಮೆ ಕಣ್ಣಿಗೆ ಹತ್ತು ನಿಮಿಷ ವಿಶ್ರಾಂತಿ. ಹಸಿರು ಗೋಡೆಯ ಕೋಣೆಯೊಂದರಲ್ಲಿ ನಾವು ಏಳು ಜನ ಕಣ್ಣು ಮುಚ್ಚಿ ಗೋಡೆಗೊರಗಿ ಕೂರುತ್ತೇವೆ.

ಆ ಹತ್ತು ನಿಮಿಷ ನನಗೆ ಸಾಸಿವೆ ಕಾಣಿಸುತ್ತಾಳೆ. ಆದರೆ ನಾನು ಬಿಟ್ಟು ಬಂದ ದಿನದ ಸಾಸಿವೆ. ಅದೇ ಕತ್ತರಿಸಿದ ಕೂದಲು, ಅದೇ ಹಳದಿ ಫ್ರಾಕು. ಅಲ್ಲಿ ಅವಳು ಬೆಳೆಯುತ್ತಿದ್ದಾಳೆ, ನನ್ನ ಕಣ್ಣೊಳಗೆ ಬೆಳೆಯುತ್ತಿಲ್ಲ. ಇದು ನನಗೆ ಹೆದರಿಕೆ ಹುಟ್ಟಿಸುತ್ತದೆ.

ಇನ್ನೂ ಹದಿನಾಲ್ಕು ಚೀಟಿ ಇಟ್ಟಿದ್ದೇನೆ: ನಾನು, ನೀನು, ಇದು, ಅದು, ಇಲ್ಲಿ, ಅಲ್ಲಿ, ಇದೆ, ಬೇಡ, ಈಗ, ಮತ್ತೆ, ಏನು, ಯಾರು, ಹೋಗು, ಕೊಡು. ಒಂದೇ ಸಲಕ್ಕೆ ಎಲ್ಲವನ್ನೂ ಸುರಿಯಬೇಡಿ. ಹಳೆಯ ನಾಲ್ಕರ ನಡುವೆ ಹೊಸದು ಒಂದು ಸೇರಿಸಿ ಕಲೆಸಿ. ಹಳೆಯ ಪತ್ರಿಕೆ ಕೊಟ್ಟು, ಕಂಡ ಪದಕ್ಕೆ ಸುತ್ತು ಹಾಕಿಸಿ, ಅದು ಅವಳಿಗೆ ಆಟವಾಗುತ್ತದೆ.

ಒಂದು ಮಾತು ಕೇಳುತ್ತೇನೆ, ಮುಚ್ಚಿಡದೆ ಬರೆಯಿರಿ. ಅವಳು ನನ್ನನ್ನು ಕೇಳುತ್ತಾಳಾ?

ಸೊಸೆ


ನವೆಂಬರ್ ೪

ಮಗಳೇ,

ನಿನ್ನ ಪತ್ರಿಕೆಯ ಉಪಾಯದಿಂದ ನನ್ನ ಮನೆಯಲ್ಲಿ ಸುದ್ದಿ ಓದುವಂತಿಲ್ಲ. ಎಲ್ಲಿ ನೋಡಿದರೂ ಕೆಂಪು ಸುತ್ತು. ಬೀದಿಗೆ ಹೋದರೂ ಬಿಡುವುದಿಲ್ಲ. 'ಇಲ್ಲಿ ವಾಹನ ನಿಲ್ಲಿಸಬಾರದು' ಎಂಬ ಫಲಕದ ಮುಂದೆ ನಿಂತು "ಇಲ್ಲಿ!" ಎಂದು ಕೂಗುತ್ತಾಳೆ. ಉಳಿದದ್ದು ಅವಳಿಗೆ ಲೆಕ್ಕಕ್ಕಿಲ್ಲ. ಮೂಲೆಮನೆಯ ಗೇಟಿನಲ್ಲಿ 'ಈ ಮನೆ ಮಾರಾಟಕ್ಕೆ ಇದೆ' ಎಂದು ತೂಗುಹಾಕಿದ್ದಾರೆ. "ಮನೆ ಇದೆ" ಎಂದು ಓದಿ, "ನಮಗೇ ಕಾಣತ್ತೆ, ಬೋರ್ಡ್ ಯಾಕ್ ಬೇಕಿತ್ತು?" ಅಂದಳು.

ಹತ್ತೊಂಬತ್ತೂ ಬಂದಿವೆ. ಈ ಸಲ ಕಲೆ ನೋಡಿ ಅಲ್ಲ, ಎಲ್ಲ ಥರದಲ್ಲೂ ಪರೀಕ್ಷೆ ಮಾಡಿದ್ದೇನೆ. ನನ್ನ ಪದ್ಧತಿ ನಿನಗೆ ಗೊತ್ತಲ್ಲ, ರಿಪೇರಿಯಾದ ಗಡಿಯಾರವನ್ನೂ ಹತ್ತು ದಿನ ಎದುರಿಗೆ ತೂಗುಹಾಕಿ ನೋಡದೆ ಕೈ ಬಿಡುವವನಲ್ಲ ನಾನು. ನಿನ್ನೆಯಷ್ಟೇ ಒಬ್ಬ ಗಿರಾಕಿ ಕೂಗಾಡಿದ. "ಓಡ್ತಾ ಇದೆ ಅಂತ ನೀವೇ ಹೇಳ್ತೀರ, ಕೊಡೋಕೇನ್ರೀ ದಾಡಿ?" ನಾನು ಹೇಳಿದೆ, "ಇವತ್ತು ಓಡ್ತಿದೆ ಸ್ವಾಮಿ. ನಾಳೆ ನಿಮ್ಮ ಮನೇಲಿ ನಿಂತ್ರೆ ಬಯ್ಯೋದು ನನ್ನನ್ನೇ ಅಲ್ವಾ?" ಗೊಣಗುತ್ತ ಹೋದ.

ನಿನ್ನನ್ನು ಕೇಳುತ್ತಾಳೆ, ಕೇಳದೆ ಏನು. ಹಲ್ಲೊಂದು ಅಲ್ಲಾಡುತ್ತಿದೆ. ಉಳಿದ ಇಪ್ಪತ್ತೊಂದು ಕಳಿಸು.

ಮಾವ


ನವೆಂಬರ್ ೨೨

ಮಾವ,

ಹತ್ತೊಂಬತ್ತು! ನಲವತ್ತರಲ್ಲಿ ಅರ್ಧದ ಹತ್ತಿರ! ಉಳಿದ ಇಪ್ಪತ್ತೊಂದೂ ಇದರಲ್ಲಿವೆ. ಇದೇ ನಡಿಗೆಯಲ್ಲಿ ಹೋದರೆ ಹೊಸ ವರ್ಷದೊಳಗೆ ಮುಗಿಯುತ್ತದೆ.

ಮನೆಯನ್ನು ಹೊರಗಿನಿಂದ ನೋಡಿ ಬಂದೆ. ಈಗಿರುವವರು ಮಾರ್ಚಿನಲ್ಲಿ ಖಾಲಿ ಮಾಡುತ್ತಾರೆ. ಅಡುಗೆಕೋಣೆಯ ಕಿಟಕಿಯಿಂದ ಶಾಲೆಯ ಅಂಗಳ ಕಾಣುತ್ತದೆ. ಪರದೆಗೆ ಬಟ್ಟೆ ನೋಡಿಟ್ಟಿದ್ದೇನೆ. ಬಾಗಿಲ ಹಿಂದೆ ಅವಳ ಚೀಲಕ್ಕೆ ಒಂದು ಮೊಳೆ ಹೊಡೆಯಬೇಕು, ಎಷ್ಟು ಎತ್ತರಕ್ಕೆ ಎಂದು ಗೊತ್ತಾಗಲಿಲ್ಲ. ಒಂದು ದಾರ ತೆಗೆದುಕೊಂಡು ಅವಳ ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದು, ಆ ದಾರವನ್ನೇ ಲಕೋಟೆಯಲ್ಲಿಟ್ಟು ಕಳಿಸುತ್ತೀರಾ?

ಜನವರಿಯಲ್ಲಿ ಐದು ದಿನ ರಜೆ ಕೇಳಿದ್ದೇನೆ. ಹುಟ್ಟಿದ ದಿನಕ್ಕೆ ಬರುತ್ತೇನೆ. ಅವಳಿಗೆ ಹೇಳಬೇಡಿ. ಅಥವಾ ಹೇಳಿ. ನನಗೇ ತಿಳಿಯುತ್ತಿಲ್ಲ.

ಸೊಸೆ


ಡಿಸೆಂಬರ್ ೧೮

ಮಗಳೇ,

ದಾರ ಇದರಲ್ಲಿದೆ. ಅಳೆಯುವಾಗ ಕುಣಿಯುತ್ತಿದ್ದಳು, ಒಂದು ಬೆರಳು ಹೆಚ್ಚು ಕಡಿಮೆ ಇರಬಹುದು.

ಪದಗಳು ಹತ್ತೊಂಬತ್ತಕ್ಕೆ ನಿಂತಿವೆ. ಮಕ್ಕಳ ಬುದ್ಧಿ ನಾವು ಎಳೆದ ಕಡೆಗೆ ಬರುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಪರದೆ, ಮೊಳೆ ಎಲ್ಲ ಸ್ವಲ್ಪ ತಡೆ. ಚಳಿಗಾಲದಲ್ಲಿ ಅಷ್ಟು ದೂರ ಐದು ದಿನಕ್ಕಾಗಿ ಬಂದು ಹೋಗುವುದು ನಿನಗೂ ಆಯಾಸ, ಯೋಚಿಸು.

ಮಾವ


ಜನವರಿ ೯

ಮಾವನವರಿಗೆ,

ರಜೆ ಸಿಗಲಿಲ್ಲ. ಈ ತಿಂಗಳು ಕೆಲಸ ಹೆಚ್ಚಂತೆ, ಯಾರನ್ನೂ ಬಿಡುವುದಿಲ್ಲವಂತೆ. ಅಂಚೆಯಲ್ಲಿ ಒಂದು ಅಂಗಿ ಕಳಿಸಿದ್ದೇನೆ. ದಾರದ ಅಳತೆಗೆ ಹೊಲಿಸಿದ್ದು.

ದಾರವನ್ನು ಹಾಸ್ಟೆಲ್ಲಿನ ಗೋಡೆಗೆ ಹಿಡಿದು ನೋಡಿದೆ. ನನ್ನ ಸೊಂಟ ದಾಟಿದ್ದಾಳೆ. ಗೋಡೆಯಲ್ಲಿ ಅಷ್ಟು ಎತ್ತರಕ್ಕೆ ಕೈ ಇಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದೆ. ಕೋಣೆಯವರು ಬಂದರು, ತೆಗೆದೆ.

ಹತ್ತೊಂಬತ್ತಕ್ಕೆ ಯಾಕೆ ನಿಂತಿತು? ಅಷ್ಟು ಚುರುಕಾಗಿ ಕಲಿತವಳು. ಚೀಟಿಯ ಬರಹ ಚಿಕ್ಕದಾಯಿತೇ? ಕಣ್ಣು ತೋರಿಸಬೇಕೇ? ಟೀಚರಮ್ಮನನ್ನು ಕೇಳಿದೆ. "ಮಕ್ಕಳಿಗೆ ಮನಸ್ಸಲ್ಲಿ ಏನಾದ್ರೂ ಕೊರಗಿದ್ರೆ ಹೀಗೆ ಒಂದ್ಕಡೆ ನಿಂತ್ಬಿಡ್ತಾರಮ್ಮ" ಅಂದರು. ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಸೊಸೆ


ಫೆಬ್ರವರಿ ೪

ಮಗಳೇ,

ಅಂಗಿ ಸರಿಯಾಗಿದೆ. ತೋಳು ಸ್ವಲ್ಪ ಉದ್ದ, ಟೈಲರಮ್ಮ ಮಡಿಚಿ ಕೊಟ್ಟಳು. ನನಗೆ ಕೆಮ್ಮು ಇತ್ತು, ಈಗ ವಾಸಿ. ಗೋಡೆ ಗಡಿಯಾರಗಳು ಈ ತಿಂಗಳು ಬಹಳ ಬಂದಿವೆ.

ಪದ ಹಾಗೇ ಇದೆ. ಕಣ್ಣು ಚೆನ್ನಾಗಿದೆ, ಅದಕ್ಕೆ ಚಿಂತೆ ಬೇಡ.

ಮಾವ


ಫೆಬ್ರವರಿ ೧೮

ಮಾವ,

ತಿಂಗಳಿಗೊಮ್ಮೆ ನಿಮ್ಮ ಐದು ಸಾಲು ಬರುತ್ತದೆ. ಅದರಲ್ಲಿ ಮೂರು ಅಂಗಿ, ಕೆಮ್ಮು, ಗಡಿಯಾರದ್ದು. ನೀವು ನನ್ನನ್ನು ನೋಯಿಸಬಾರದೆಂದು ಏನನ್ನೋ ಬರೆಯದೆ ಬಿಡುತ್ತಿದ್ದೀರಿ ಎಂದು ನನಗೆ ಅರ್ಥವಾಗುತ್ತದೆ. ಮಗುವಿಗೆ ಆಗುತ್ತಿಲ್ಲ, ಅಷ್ಟೇ ತಾನೆ?

ಬಹಳ ಯೋಚಿಸಿದೆ. ಈ ವರ್ಷ ಮನೆ ಬೇಡ ಎಂದು ಕಚೇರಿಗೆ ಬರೆದುಕೊಡುತ್ತೇನೆ. ಸಾಲಿನಲ್ಲಿ ಹಿಂದೆ ಇರುವವರಿಗೆ ಹೋಗುತ್ತದೆ. ಇನ್ನೊಮ್ಮೆ ನನ್ನ ಸರದಿ ಬರಲು ಮೂರು ವರ್ಷವಾದರೂ ಹಿಡಿಯುತ್ತದೆ ಎನ್ನುತ್ತಾರೆ. ಸಾಸಿವೆ ನಿಮ್ಮ ಹತ್ತಿರ ನೆಮ್ಮದಿಯಾಗಿದ್ದಾಳೆ. ಅವಳಿಗೆ ಈಗ ಒತ್ತಾಯ ಬೇಡ. ಚೀಟಿಗಳೂ ಬೇಡ. ಅಮ್ಮ ಹತ್ತಿರ ಇಲ್ಲ ಎಂಬ ಕೊರಗಿನಿಂದಲೇ ಮಗು ಹೀಗಾಗಿದ್ದರೆ ತಪ್ಪು ನನ್ನದು, ಅದರ ಶಿಕ್ಷೆ ಅವಳಿಗೆ ಕೊಡಲಾರೆ.

ಅರ್ಜಿಯನ್ನು ಮಾರ್ಚ್ ಐದರೊಳಗೆ ಕೊಡಬೇಕು. ಕೊಡುತ್ತೇನೆ. ಪರದೆಯ ಬಟ್ಟೆ ತಂದಿಟ್ಟಿದ್ದೆ, ಪಕ್ಕದವಳಿಗೆ ಕೊಟ್ಟೆ.

ಸೊಸೆ


ಫೆಬ್ರವರಿ ೨೫

ಮಗಳೇ,

ಇದನ್ನು ಕೂತುಕೊಂಡು ಓದು. ಆ ಅರ್ಜಿ ಕೊಡಬೇಡ. ಕೊಟ್ಟಿದ್ದರೆ ಓಡಿಹೋಗಿ ವಾಪಸ್ ತೆಗೆದುಕೋ. ಸಾಸಿವೆಗೆ ನಲವತ್ತು ಪದವೂ ಬರುತ್ತವೆ. ಡಿಸೆಂಬರ್ ಹನ್ನೊಂದರಿಂದ ಬರುತ್ತವೆ.

ಎರಡೂವರೆ ತಿಂಗಳು ಇದನ್ನು ನುಂಗಿಕೊಂಡು ಕೂತವನು ನಾನು.

ಮೊನ್ನೆ ನಿನ್ನ ಕಾಗದ ಓದಿ, ಮೇಜಿನ ಮೇಲಿಟ್ಟು, ಬಾಗಿಲಿಗೆ ಬಂದ ಗಿರಾಕಿಯ ಹತ್ತಿರ ಹೋದೆ. ತಿರುಗಿ ನೋಡಿದರೆ ನನ್ನ ಸ್ಟೂಲಿನ ಮೇಲೆ ಮಂಡಿಯೂರಿ, ಕಾಗದದ ಮೇಲೆ ಬೆರಳಿಟ್ಟು ಓದುತ್ತಿದ್ದಾಳೆ. ಗೊತ್ತಿಲ್ಲದ ಪದಗಳನ್ನು ಬೀದಿಯ ಫಲಕಗಳಲ್ಲಿ ಹಾರಿಸುವ ಹಾಗೇ ಹಾರಿಸುತ್ತ, ಗೊತ್ತಿದ್ದವನ್ನು ಗಟ್ಟಿಯಾಗಿ ಹೇಳುತ್ತ. "ಮನೆ ಬೇಡ." ಬೆರಳು ಮುಂದೆ ಹೋಯಿತು. "ಸಾಸಿವೆ. ಈಗ. ಬೇಡ." ಅವಳ ಹೆಸರು ಯಾರೂ ಕಲಿಸಲಿಲ್ಲ, ತಾನೇ ಕಲಿತದ್ದು. "ಬೇಡ. ಅಮ್ಮ. ಇಲ್ಲ."

ಅವಳು ಮತ್ತೆ ಮೊದಲಿಂದ ಓದಿದಳು, ಸರಿಯಾಗಿ ಓದಿದೆನೋ ಎಂದು ಪರೀಕ್ಷೆ ಮಾಡುವವಳ ಹಾಗೆ. ಆಮೇಲೆ ಇಳಿದು ಮೇಲಿನ ಕೋಣೆಗೆ ಹೋದಳು. ಗೋಡೆಯಿಂದ 'ಅಮ್ಮ' ಚೀಟಿ ಕಿತ್ತುಕೊಂಡು ಬಂದು ನನ್ನ ಕೈಗೆ ಕೊಟ್ಟಳು. "ಇದು ಬೇಡ" ಅಂದಳು. ಅತ್ತಿದ್ದರೆ ಎತ್ತಿಕೊಳ್ಳುತ್ತಿದ್ದೆ. ಅಳಲಿಲ್ಲ.

ನಾನು ಹೇಳಿದೆ, ಅಮ್ಮ ಹಾಗೆ ಬರೆದಿಲ್ಲ ಪುಟ್ಟ, ನಡುವೆ ಬೇರೆ ಮಾತುಗಳಿವೆ. "ನಾನ್ ಓದಿದೀನಿ" ಅಂದಳು. ಓದು ಕಲಿಸಿದವನೇ ನಾನು, ಈಗ ಓದಿದ್ದು ಸುಳ್ಳು ಎಂದು ಹೇಗೆ ಹೇಳಲಿ?

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀಯ. ಡಿಸೆಂಬರ್ ಹನ್ನೊಂದರಂದು ನಲವತ್ತನೆಯ ಪದ ಓದಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಆಮೇಲೆ ಕೂತು ನಿನಗೆ ಬರೆಯಲು ಹೊರಟರೆ ಕೈ ಏಳಲಿಲ್ಲ. ಹತ್ತು ದಿನ ನಿಗಾದಲ್ಲಿಡೋಣ, ಮರೆತರೂ ಮರೆತಾಳು ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ದಿನ ಮುಗಿಯಿತು, ಇನ್ನೊಂದು ಹತ್ತು ಎಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಗಿರಾಕಿಗಳ ಗಡಿಯಾರ ಅವರದ್ದು, ಒಂದಲ್ಲ ಒಂದು ದಿನ ಕೊಟ್ಟೇ ಕೊಡುತ್ತೇನೆ. ಈ ಮಗುವೂ ನಿನ್ನದು, ನನ್ನ ಹತ್ತಿರ ಇರಲು ಬಂದದ್ದಷ್ಟೇ, ಎಂಬುದು ನನ್ನ ತಲೆಗೆ ಗೊತ್ತಿತ್ತು. ಹೊಟ್ಟೆಗೆ ಗೊತ್ತಾಗಲಿಲ್ಲ. ನಗುವಾಗ ನನ್ನ ಮಗನ ಹಾಗೇ ಒಂದು ಕಡೆಗೆ ತಲೆ ವಾಲಿಸುತ್ತಾಳೆ, ಮಗಳೇ. ಅದನ್ನು ದಿನಾ ನೋಡುವ ಚಟ ಹತ್ತಿತು. ಒಂದೊಂದು ಪದ ಕಲಿಸಿದಾಗಲೂ ನನ್ನ ಕೈಯಾರೆ ಅವಳನ್ನು ಬಾಗಿಲ ಕಡೆಗೆ ಒಂದು ಹೆಜ್ಜೆ ತಳ್ಳಿದ ಹಾಗಾಗುತ್ತಿತ್ತು.

ಬಯ್ಯಿ. ಏನು ಬೇಕಾದರೂ ಬರೆ. ಆದರೆ ಮೊದಲು ಅರ್ಜಿ.

ಮಾವ


ಮಾರ್ಚ್ ೧೨

ನಿಮ್ಮ ಕಾಗದ ಬಂದು ಹನ್ನೆರಡು ದಿನವಾಯಿತು. ಮೂರು ಸಲ ಬರೆದು ಹರಿದೆ.

ಅರ್ಜಿ ಕೊಟ್ಟಾಗಿತ್ತು. ನಿಮ್ಮ ಕಾಗದ ಕೈಯಲ್ಲಿ ಹಿಡಿದು, ಪಾಳಿಯ ಏಪ್ರನ್ನಿನಲ್ಲೇ ಮನೆಗಳ ಮೇಲ್ವಿಚಾರಕಿಯ ಹತ್ತಿರ ಓಡಿದೆ. "ಬೇಕು ಅಂತೀರಿ, ಬೇಡ ಅಂತೀರಿ, ಮತ್ತೆ ಬೇಕು ಅಂತೀರಿ. ಇದೇನು ಮಕ್ಕಳಾಟಾನಾ?" ಅಂದರು. ಮಕ್ಕಳಾಟವೇ ಮೇಡಂ ಎಂದು ಅಲ್ಲೇ ನಿಂತು ಅತ್ತೆ. ಹನ್ನೊಂದು ದಿನ ಕಾಯಿಸಿ ನಿನ್ನೆ ವಾಪಸ್ ಕೊಟ್ಟರು. ಮನೆ ಉಳಿದಿದೆ.

ನಿಮ್ಮ ಮೇಲೆ ಸಿಟ್ಟಿದೆ, ಮಾವ. ಜನವರಿಯಿಂದ ಪ್ರತಿ ದಿನ ಆ ಹಸಿರು ಕೋಣೆಯಲ್ಲಿ ಕೂತು, ನಾನು ಬಿಟ್ಟು ಬಂದದ್ದಕ್ಕೇ ಮಗು ಮಂಕಾಯಿತು ಎಂದು ಕೊರಗಿದ್ದೇನೆ. ಎರಡು ಸಾಲಿನಲ್ಲಿ ನೀವು ಅದನ್ನು ತಪ್ಪಿಸಬಹುದಿತ್ತು. ಅದನ್ನು ಮರೆಯಲು ನನಗೆ ಸ್ವಲ್ಪ ದಿನ ಬೇಕು.

ಆದರೆ ನಿಮ್ಮನ್ನು ಬಯ್ಯಲು ಹೋದಾಗಲೆಲ್ಲ ನನ್ನದೊಂದು ಅಡ್ಡ ಬರುತ್ತದೆ. ಅದನ್ನೂ ಬರೆದುಬಿಡುತ್ತೇನೆ. ಜನವರಿಯಲ್ಲಿ ನನಗೆ ರಜೆ ಸಿಕ್ಕಿತ್ತು. ಐದು ದಿನವೂ ಸಿಕ್ಕಿತ್ತು. ಹಾಸ್ಟೆಲ್ಲಿನಲ್ಲೇ ಮಲಗಿ ಕಳೆದೆ. ಅವಳು ನನ್ನನ್ನು ಕೇಳುತ್ತಾಳಾ ಎಂದದ್ದಕ್ಕೆ ನೀವು "ಕೇಳದೆ ಏನು" ಎಂದು ಬರೆದು ಹಲ್ಲಿನ ವಿಷಯಕ್ಕೆ ಹಾರಿದಿರಲ್ಲ, ಆಗಲೇ ತಿಳಿಯಿತು. ಅವಳು ಕೇಳುವುದಿಲ್ಲ. ಬಂದಾಗ ಯಾರೋ ಹೆಂಗಸೆಂದು ನಿಮ್ಮ ಕಾಲ ಹಿಂದೆ ಅಡಗಿಕೊಂಡರೆ ನಾನು ಅದನ್ನು ನೋಡಿಕೊಂಡು ಹೇಗೆ ಬದುಕಲಿ? ಪದ ಕಲಿತು ಅವಳೇ ಬರಲಿ, ಆಗ ನನ್ನವಳಾಗಿಯೇ ಬರುತ್ತಾಳೆ ಎಂದುಕೊಂಡೆ. ಹೇಡಿತನ. ನೀವು ಕಳಿಸಲು ಹೆದರಿದಿರಿ, ನಾನು ನೋಡಲು ಹೆದರಿದೆ. ನಡುವೆ ಮಗು ನಿಂತಿತು.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅವಳಿಗೆ ಕೊಡಿ, ನೀವು ಓದಿ ಹೇಳಬೇಡಿ. ನಲವತ್ತರ ಹೊರಗಿನ ಪದ ಒಂದೂ ಹಾಕಿಲ್ಲ. ದೊಡ್ಡದಾಗಿ ಬರೆದಿದ್ದೇನೆ: ಅಮ್ಮ ಇಲ್ಲಿ. ಮನೆ ಇದೆ. ನೀನು ಬೇಕು. ಬಾ.


ಮಾರ್ಚ್ ೨೩

ಮಗಳೇ,

ಹಾಳೆ ಕೊಟ್ಟೆ. ಮೆಟ್ಟಿಲ ಮೇಲೆ ಒಬ್ಬಳೇ ಕೂತು ಓದಿದಳು. ಆಮೇಲೆ ಹಾಳೆ ತಿರುಗಿಸಿ ಹಿಂದೆ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. "ಏನು ಹುಡುಕ್ತೀಯೇ?" ಎಂದೆ. "ಬೇಡ ಅಂತ ಎಲ್ಲಾದ್ರೂ ಇದೆಯಾ ಅಂತ" ಅಂದಳು. ಇಲ್ಲ ಎಂದು ಖಾತ್ರಿಯಾದ ಮೇಲೆ ಹಾಳೆಯನ್ನು ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡಳು. ಚೀಟಿಯನ್ನು ನನ್ನಿಂದ ವಾಪಸ್ ಕೇಳಿ ತೆಗೆದುಕೊಂಡಳು.

ನೀನು ಬರೆದದ್ದು ಸರಿ. ಅವಳು ಕೇಳುತ್ತಿರಲಿಲ್ಲ. ಆದರೆ ನಾನೂ ನಿನ್ನ ಮಾತು ತೆಗೆಯುತ್ತಿರಲಿಲ್ಲ. ತೆಗೆಯದ ಮಾತನ್ನು ಮಗು ಎಲ್ಲಿಂದ ಕೇಳೀತು? ಆ ತಪ್ಪೂ ನನ್ನ ಲೆಕ್ಕಕ್ಕೇ ಇರಲಿ.

ಏಪ್ರಿಲ್ ಎರಡರ ಸಂಜೆಯ ಬಸ್ಸಿಗೆ ಬರುತ್ತೇವೆ. ನಾನೇ ಕರೆತರುತ್ತೇನೆ. ಬೇರೆಯವರ ಜೊತೆ ಕಳಿಸಿದರೆ ನನ್ನ ಮನಸ್ಸು ಒಪ್ಪುವುದಿಲ್ಲ, ನಾನು ಕರೆತಂದರೂ ಒಪ್ಪುವುದಿಲ್ಲ. ಅಂಗಡಿಗೆ ಮೂರು ದಿನ ಬೀಗ ಎಂದು ಬರೆದು ಹಾಕಿದ್ದೇನೆ. ಅವಳೇ ನನ್ನ ಪಕ್ಕ ನಿಂತು ಬರೆಸಿದಳು.

ಮಾವ


ಏಪ್ರಿಲ್ ೧೪

ಮಾವ,

ನೀವು ಮಾಡಿದ್ದು ಸರಿಯಲ್ಲ. ಮೂರು ದಿನ ಇರುತ್ತೇನೆ ಎಂದು ಬಂದು, ಮರುದಿನ ಬೆಳಗ್ಗೆ ನಾನು ಹಾಲು ತರಲು ಹೋದಾಗ ಚೀಲ ಹಿಡಿದು ಹೊರಟುಬಿಟ್ಟಿರಿ. ಮಗು ಇನ್ನೂ ಎದ್ದಿರಲಿಲ್ಲ. ಎಬ್ಬಿಸಿದ್ದರೆ ನಿಮ್ಮ ಕಾಲು ಬಾಗಿಲು ದಾಟುತ್ತಿರಲಿಲ್ಲ ಎಂದು ನನಗೆ ಗೊತ್ತು. ಆದರೂ ಸರಿಯಲ್ಲ.

ಪರೀಕ್ಷೆ ಆಯಿತು. ಟೀಚರಮ್ಮ ಚೀಟಿ ಎತ್ತುವುದರೊಳಗೆ ಹೇಳಿದಳು. ನಲವತ್ತೂ ಮುಗಿದ ಮೇಲೆ, "ಅಷ್ಟೇನಾ?" ಅಂದಳಂತೆ. ಶಾಲೆ ಸಿಕ್ಕಿತು, ಪರೀಕ್ಷೆಯ ವಾರಕ್ಕೆಂದು ಬಿಟ್ಟುಕೊಟ್ಟಿದ್ದ ಮನೆಯೂ ನಮ್ಮದಾಯಿತು. ಎರಡೇ ಕೋಣೆ, ನಮ್ಮಿಬ್ಬರಿಗೆ ಅದೇ ದೊಡ್ಡದಾಗಿ ಕಾಣುತ್ತಿದೆ.

ನೀವು ಹೋದ ಮೇಲೆ ನಡೆದದ್ದನ್ನು ಬರೆಯಬೇಕು. ಎದ್ದು ಎರಡೂ ಕೋಣೆ ನೋಡಿದಳು, ಬಚ್ಚಲು ನೋಡಿದಳು, ನನ್ನನ್ನು ಏನೂ ಕೇಳಲಿಲ್ಲ. ಗಲಾಟೆ ಮಾಡಲಿಲ್ಲ. ಕೊಟ್ಟದ್ದನ್ನು ತಿಂದಳು, ಹೇಳಿದ್ದನ್ನು ಕೇಳಿದಳು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಹತ್ತಿರ ಇರುವ ಹಾಗೆ ಮರ್ಯಾದೆಯಿಂದ ಇದ್ದಳು. "ನೀರು ಕೊಡ್ತೀರಾ?" "ಇಲ್ಲಿ ಕೂತ್ಕೋಬಹುದಾ?" ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಓದಲು ಬರುವ ಮೊದಲ ಪದವೇ ಅದು, ಚೀಟಿ ತೋರಿಸಿದರೆ ನೋಡುವ ಮೊದಲೇ ಹೇಳುತ್ತಾಳೆ. ನನ್ನ ಮುಖ ನೋಡಿ ಹೇಳಲಾರಳು. ಚಟಪಟ ಎನ್ನುತ್ತಿದ್ದ ನಿಮ್ಮ ಸಾಸಿವೆ ನನ್ನ ಮನೆಯಲ್ಲಿ ಹತ್ತು ದಿನ ಮೆಲ್ಲಗೆ ಮಾತಾಡಿದಳು. ನಾನೂ ಬಲವಂತ ಮಾಡಲಿಲ್ಲ. ಪಾಳಿ ಮುಗಿಸಿ ಬಂದು, ಶಾಲೆಯಿಂದ ಕರೆತಂದು, ಎದುರು ಬದುರು ಕೂತು ಉಣ್ಣುತ್ತಿದ್ದೆವು. ಅವಳನ್ನು ಕದ್ದು ಕದ್ದು ನೋಡುತ್ತಿದ್ದೆ. ಕೈಗೆಟಕುವಷ್ಟು ಹತ್ತಿರ ಕೂತ ಮಗಳಿಗಾಗಿ ಇಷ್ಟು ಹಂಬಲಿಸಬಹುದೆಂದು ನನಗೆ ಗೊತ್ತಿರಲಿಲ್ಲ. ದೂರ ಇದ್ದಾಗ ಇಷ್ಟು ಕಷ್ಟವಿರಲಿಲ್ಲ.

ದಿನಾ ಸಂಜೆ ಆರಕ್ಕೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ನೀವು ಬಂದಿಳಿದ ಬಸ್ಸು ಬರುವ ಹೊತ್ತು ಅದು. ಬಸ್ಸು ಹೋದ ಮೇಲೆ ಒಳಗೆ ಬಂದು ಕೈ ತೊಳೆಯುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕರೆಯುವ ಹಕ್ಕು ನನಗಿದೆಯೇ ಎಂದೇ ತಿಳಿಯುತ್ತಿರಲಿಲ್ಲ.

ನಿನ್ನೆ ಬಸ್ಸು ಬಂತು, ಹೋಯಿತು. ನಾನು ಒಲೆಯ ಮುಂದೆ ಇದ್ದೆ. ಓಡಿ ಬಂದ ಸದ್ದು. ಒಳಗೆ ನುಗ್ಗಿ, ಎದೆ ಬಿರಿಯುವ ಹಾಗೆ ಅಳುತ್ತ, ಎರಡೂ ಕೈಯಿಂದ ನನ್ನ ಸೀರೆ ಹಿಡಿದು ಜಗ್ಗಿದಳು.

"ಅಮ್ಮಾ, ಅಜ್ಜ ಇವತ್ತೂ ಬರ್ಲಿಲ್ಲ. ನೀನು ಕರಿ. ನೀನು ಕರಿ ಅಮ್ಮಾ."

ಇಲ್ಲಿಗೆ ಬಂದ ಮೇಲೆ ಅವಳು ನನ್ನನ್ನು ಮೊದಲ ಸಲ ಅಮ್ಮ ಎಂದದ್ದು ನೀವಿಲ್ಲ ಎಂದು ಹೇಳಲಿಕ್ಕೆ, ಮಾವ. ಎತ್ತಿಕೊಂಡೆ. ನನ್ನ ಹೆಗಲಲ್ಲಿ ಮುಖವಿಟ್ಟು ನಿಮಗಾಗಿ ಅತ್ತಳು. ಎರಡು ವರ್ಷದಿಂದ ಕಾದ ಮಾತು ಬಂತಲ್ಲ ಎಂದು ನಾನೂ ಅತ್ತೆ, ಮತ್ತೆ ನಿಮಗಾಗಿಯೂ ಅತ್ತೆ. ಒಲೆಯ ಮೇಲಿದ್ದದ್ದು ಸೀದುಹೋಯಿತು.

ಅವಳು ಕರೆ ಎಂದಿದ್ದಾಳೆ, ಕರೆಯುತ್ತಿದ್ದೇನೆ. ಶನಿವಾರದ ಬಸ್ಸಿಗೆ ಬನ್ನಿ. ಎಷ್ಟು ದಿನ ಇರುತ್ತೀರಿ ಎಂಬುದನ್ನು ನಾವು ಮೂವರೂ ಕೂತು ತೀರ್ಮಾನಿಸೋಣ. ಈ ಸಲ ಹೋಗುವುದಾದರೆ ಅವಳು ಎಚ್ಚರವಿರುವಾಗ, ಹೇಳಿ ಹೋಗಿ.

ನಿಮ್ಮ ಮಗಳು